ಪಹಣಿ ಇಲ್ಲದವರ ಸಂಘ

ಜಗಳೂರು

ಚಿ. ರೇಖಾಗೆ ದೊಡ್ಡಪ್ಪನ ಆಶೀರ್ವಾದಗಳು.

ಊರಲ್ಲಿ ಸಹಕಾರಿ ಬ್ಯಾಂಕ್ ಶುರು ಮಾಡಬೇಕು ಅಂತ ನೀನು ಬರೆದದ್ದು ಓದಿ ಖುಷಿಯಾಯಿತು. ನಿಮ್ಮಪ್ಪ ಬೆಳಿಗ್ಗೆಯೇ ಫೋನ್ ಮಾಡಿ "ಅವಳಿಗೆ ಸ್ವಲ್ಪ ಬುದ್ಧಿ ಹೇಳಣ್ಣಾ" ಅಂದ. ಹೇಳುತ್ತೇನೆ. ಆದರೆ ಅವನು ಹೇಳಿಸಬೇಕು ಅಂದುಕೊಂಡಿರುವ ಬುದ್ಧಿ ಅಲ್ಲ.

ಮೊದಲು ಬ್ಯಾಂಕ್ ಅನ್ನುವ ಹೆಸರಿನ ಆಸೆ ಬಿಡು. ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇಲ್ಲದೆ ಆ ಹೆಸರು ಹಾಕಿಕೊಳ್ಳುವಂತಿಲ್ಲ. ಹೊಸ ಪಟ್ಟಣ ಸಹಕಾರ ಬ್ಯಾಂಕುಗಳಿಗೆ ಲೈಸೆನ್ಸ್ ಕೊಡುವುದನ್ನು ಅವರು 2004ರಲ್ಲೇ ನಿಲ್ಲಿಸಿದರು. ನೀನು ಪತ್ತಿನ ಸಹಕಾರ ಸಂಘ ಮಾಡು, ಅಂದರೆ ಸದಸ್ಯರ ಹಣ ಕೂಡಿಸಿ ಅವರಿಗೇ ಸಾಲ ಕೊಡುವ ಸಂಘ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಹಕಾರ ಚಳವಳಿಯ ಹಿರಿಯ ಸಿದ್ದನಗೌಡ ಪಾಟೀಲರು ಕಟ್ಟಿದ್ದೂ ಸಂಘವೇ. 1959ರ ಸಹಕಾರ ಸಂಘಗಳ ಕಾಯ್ದೆಯಲ್ಲಿ ನೋಂದಣಿಯೋ, 1997ರ ಸೌಹಾರ್ದ ಕಾಯ್ದೆಯಲ್ಲೋ ಅನ್ನುವುದನ್ನು ಒಬ್ಬ ಒಳ್ಳೆಯ ಆಡಿಟರ್ ಹತ್ತಿರ ಕೂತು ತೀರ್ಮಾನ ಮಾಡು.

ಊರಲ್ಲಿ ವಿಎಸ್‌ಎಸ್‌ಎನ್ ಅನ್ನುವ ರೈತರ ಸಾಲದ ಸಹಕಾರ ಸಂಘ ಇದೆ, ಅದರ ಹಿಂದೆ ಜಿಲ್ಲೆಯ ಡಿಸಿಸಿ ಸಹಕಾರಿ ಬ್ಯಾಂಕ್ ಇದೆ. 5 ಲಕ್ಷದವರೆಗೆ ಶೂನ್ಯ ಬಡ್ಡಿಯ ಬೆಳೆಸಾಲವೂ ಇದೆ. ಮತ್ತೆ ನಿನ್ನ ಸಂಘ ಯಾಕೆ? ಇದಕ್ಕೆ ನಿನ್ನ ಕಾಗದದಲ್ಲಿ ಉತ್ತರ ಇಲ್ಲ. ನನಗೆ ಕಾಣುವ ಉತ್ತರ ಹೇಳುತ್ತೇನೆ. ಅಲ್ಲಿ ಸಾಲ ಹುಟ್ಟುವುದು ಪಹಣಿ ಮೇಲೆ, ಅಂದರೆ ಹೊಲ ಯಾರ ಹೆಸರಲ್ಲಿದೆ ಅಂತ ತೋರಿಸುವ ಕಾಗದದ ಮೇಲೆ. ಬೇರೆಯವರ ಹೊಲ ಕೋರಿಗೆ, ಅಂದರೆ ಪಾಲಿಗೆ, ಮಾಡುವವನಿಗೆ ಪಹಣಿ ಇಲ್ಲ. ಕುರಿ ಸಾಕುವವನಿಗೆ ಇಲ್ಲ. ಹೊಲದಲ್ಲಿ ಗಂಡನಿಗಿಂತ ಜಾಸ್ತಿ ದುಡಿಯುವ ಹೆಂಗಸಿನ ಹೆಸರಲ್ಲಿ ಅಂತೂ ಇಲ್ಲ. ಎಷ್ಟೋ ಮನೆಯಲ್ಲಿ ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಬದಲಾವಣೆ, ಆಗದೆ ಜಮೀನು ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಕೂತಿರುತ್ತದೆ. ಇವರೆಲ್ಲ ಮೆಕ್ಕೆಜೋಳದ ಬೀಜ, ಗೊಬ್ಬರವನ್ನು ಅಂಗಡಿಯವನ ಹತ್ತಿರ ಉದ್ರಿ ತರುತ್ತಾರೆ. ಬೆಳೆ ಬಂದ ಮೇಲೆ ಅವನ ತಕ್ಕಡಿಗೇ ಹಾಕಬೇಕು. ಕಾಳು ಕೈಯಲ್ಲಿ ಒತ್ತಿ ನೋಡಿ "ತೇವ ಇದೆ" ಅಂತ ರೇಟು ಇಳಿಸಿದರೂ ಸುಮ್ನೆ ತಲೆ ಆಡಿಸಬೇಕು. ದಾವಣಗೆರೆ ಮಾರ್ಕೆಟ್ಟಿಗೆ ಒಯ್ದು ಕೇಳೋಣ ಅಂದರೆ ಬಾಕಿ ಬಿಡುವುದಿಲ್ಲ. ಮೈಕ್ರೋಫೈನಾನ್ಸ್ ಹಿಡಿದವರ ಪಾಡು ನಿನಗೇ ಗೊತ್ತು. ನಿನ್ನ ಸಂಘ ಇವರಿಗಾಗಿ ಅಲ್ಲ ಅಂದರೆ ಇನ್ನೊಂದು ಅಂಗಡಿ ಅಷ್ಟೇ.

ಪಹಣಿ ಇಲ್ಲದೆ ಸಾಲ ಕೊಟ್ಟರೆ ವಸೂಲಿ ಹೇಗೆ ಅಂತ ನಿಮ್ಮಪ್ಪ ಕೇಳೇ ಕೇಳುತ್ತಾನೆ. ದುಡ್ಡು ಬರುವ ದಿನಕ್ಕೆ ಕಂತು ಇಡು. ಹಾಲಿನವರಿಗೆ ಡೈರಿ ಬಟವಾಡೆಯ ದಿನ, ಕುರಿಯವರಿಗೆ ಮರಿ ಮಾರುವ ಕಾಲಕ್ಕೆ, ಜೋಳದವರಿಗೆ ಸುಗ್ಗಿ ಮುಗಿದು ಒಂದು ತಿಂಗಳು ಬಿಟ್ಟು. ಆ ಒಂದು ತಿಂಗಳು ಕಾಳು ಇಟ್ಟುಕೊಳ್ಳುವ ತಾಕತ್ತು ಬಂದರೆ ಅರ್ಧ ಗೆದ್ದ ಹಾಗೆ.

ಎಲ್ಲರಿಗೂ ಮಾರ್ಚ್ ಅಂತ ವಾಯಿದೆ ಇಟ್ಟರೆ ಏನಾಗುತ್ತದೆ ಗೊತ್ತಾ? ಸೊಸೈಟಿ ಬಾಗಿಲಲ್ಲಿ ಬೈಕ್ ಮೇಲೆ ಒಬ್ಬ ಕೂತಿರುತ್ತಾನೆ. ರೈತ ಅವನಿಂದ ಎರಡು ದಿನಕ್ಕೆ ಕೈಸಾಲ ತಂದು ಹಳೆ ಸಾಲ ಕಟ್ಟುತ್ತಾನೆ. ಹೊಸ ಸಾಲ ಮಂಜೂರಾದ ಕೂಡಲೇ ಅದೇ ದುಡ್ಡು, ಮೇಲೊಂದಿಷ್ಟು ಬಡ್ಡಿ ಸೇರಿ, ಬೈಕಿನವನ ಜೇಬಿಗೆ. ಪುಸ್ತಕದಲ್ಲಿ ವಸೂಲಿ ನೂರಕ್ಕೆ ನೂರು! ಶೂನ್ಯ ಬಡ್ಡಿ ಅಂತೆ.

ಇನ್ನು ಠೇವಣಿ. ಬ್ಯಾಂಕಿನಲ್ಲಿಟ್ಟ ಹಣಕ್ಕೆ 5 ಲಕ್ಷದವರೆಗೆ ವಿಮೆ ಇದೆ, ಸಂಘದಲ್ಲಿಟ್ಟ ಹಣಕ್ಕೆ ಇಲ್ಲ. ಇದನ್ನು ಮುಚ್ಚಿಡಬೇಡ, ಪಾಸ್‌ಬುಕ್ ಕೊಡುವಾಗಲೇ ಬಾಯಿಬಿಟ್ಟು ಹೇಳು. ಸದಸ್ಯರಲ್ಲದವರ ಠೇವಣಿ ಮುಟ್ಟಬೇಡ. ಬೇರೆ ಕಡೆಗಿಂತ ಎರಡು ಪರ್ಸೆಂಟ್ ಜಾಸ್ತಿ ಅಂತ ಆಸೆ ತೋರಿಸಿದರೆ ಪೇಟೆಯವರ ದೊಡ್ಡ ದುಡ್ಡು ಬರುತ್ತದೆ, ಒಂದು ಗಾಳಿಮಾತು ಎದ್ದರೆ ಮೊದಲು ಓಡುವುದೂ ಅದೇ. ಅದಕ್ಕಿಂತ ಏಜೆಂಟ್ ದಿನಾ ಬಂದು ಸ್ವಲ್ಪ ಸ್ವಲ್ಪ ಕಟ್ಟಿಸಿಕೊಂಡು ಹೋಗುವ ಪಿಗ್ಮಿ ಉಳಿತಾಯ ಒಳ್ಳೆಯದು. 1928ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ ಅವರು ಶುರು ಮಾಡಿದ್ದು, ಇವತ್ತಿಗೂ ಮಂಡಕ್ಕಿ ಭಟ್ಟಿಯವರಿಗೆ, ತರಕಾರಿಯವರಿಗೆ ಸರಿಹೊಂದುತ್ತದೆ. ಪಿಗ್ಮಿ ಕಟ್ಟುವವರ ಕಾರ್ಡನ್ನು ತಿಂಗಳಿಗೊಮ್ಮೆ ನೀನೇ ತರಿಸಿ ಲೆಡ್ಜರ್ ಜೊತೆ ತಾಳೆ ನೋಡು. ಏಜೆಂಟ್ ನಮ್ಮ ಹುಡುಗನೇ ಆಗಿದ್ದರೆ ಎರಡು ಸಲ ನೋಡು.

ನಿರ್ದೇಶಕರಿಗೆ, ಅವರ ಮನೆಯವರಿಗೆ ಮೊದಲ ಮೂರು ವರ್ಷ ಸಾಲ ಇಲ್ಲ ಅಂತ ಸಂಘದ ನಿಯಮಾವಳಿಯಲ್ಲೇ, ಅಂದರೆ ಬೈಲಾದಲ್ಲೇ, ಬರೆಸು. ಬೀಗರು ಮುನಿಸಿಕೊಳ್ಳುತ್ತಾರೆ, ಮುನಿಸಿಕೊಳ್ಳಲಿ. ಸೆಪ್ಟೆಂಬರ್ 25ರೊಳಗೆ ವಾರ್ಷಿಕ ಮಹಾಸಭೆ ಮಾಡಬೇಕು. ನಮ್ಮ ಕಡೆ ಮಹಾಸಭೆ ಅಂದರೆ ಹಾಜರಿ ಸಹಿ, ಸ್ಟೀಲ್ ಡಬ್ಬಿ, ಪಲಾವ್ ಅಲ್ವಾ? ಪಲಾವ್ ಇರಲಿ. ಆದರೆ ಊಟಕ್ಕೆ ಮುಂಚೆ ಸುಸ್ತಿದಾರರ, ಅಂದರೆ ಸಾಲ ಬಾಕಿ ಉಳಿಸಿಕೊಂಡವರ, ಪಟ್ಟಿ ಜೋರಾಗಿ ಓದಿಸು.

ಕೆಲಸ ಈಗಲೇ ಬಿಡಬೇಡ. ಷೇರು ಹಣಕ್ಕೆ ಮನೆಮನೆ ಹೋಗುವಾಗ ಗಂಡಸರ ಜೊತೆ ಕಟ್ಟೆಯಲ್ಲಿ ಮಾತಾಡಿ ಬರಬೇಡ, ಒಳಗೆ ಹೋಗಿ ಹೆಂಗಸರನ್ನು ಕೇಳು. ಬೈಲಾ ಕರಡು ಆದ ಮೇಲೆ ನನಗೊಂದು ಪ್ರತಿ ಕಳಿಸು, ಕೆಂಪು ಪೆನ್ನು ಇನ್ನೂ ಇದೆ. ನನ್ನ ಹೆಸರಲ್ಲೂ ಒಂದು ಷೇರು ಬರೆದುಕೋ, ದುಡ್ಡು ನಿಮ್ಮಪ್ಪನ ಕೈಯಲ್ಲಿ ಕಳಿಸುತ್ತೇನೆ. ರಸೀದಿ ಮಾತ್ರ ಮರೆಯಬೇಡ.

ಇಂತಿ,
ನಿನ್ನ ದೊಡ್ಡಪ್ಪ