ಸಮಾಜಶಾಸ್ತ್ರ ಓದಿದರೆ ಏನು ಸಿಗುತ್ತೆ ಅಂದೆಯಲ್ಲ

ಗೆಳೆಯಾ,

ಮಗಳು ಬಿಎಗೆ ಸಮಾಜಶಾಸ್ತ್ರ ತಗೋತೀನಿ ಅಂತಿದ್ದಾಳೆ, ಅದರಿಂದ ಏನು ಸಿಗುತ್ತೆ ಅಂತ ಕೇಳಿದ್ದೀಯ. ನಿನ್ನ ಹಾಗೆ ಕೇಳುವ ಅಪ್ಪಂದಿರು ದಾವಣಗೆರೆಯಲ್ಲೂ ಬೇಕಾದಷ್ಟು ಜನ ಇದ್ದಾರೆ. ಅವರೂ ಓದಲಿ ಅಂತ ಇಲ್ಲೇ ಬರೆಯುತ್ತಿದ್ದೇನೆ.

ಕೆಲಸದ ಮಾತು ಮೊದಲು ಮುಗಿಸುತ್ತೇನೆ. ಬಿ.ಇಡಿ ಮಾಡಬಹುದು, ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾಡಬಹುದು, ಐಎಎಸ್ ಪರೀಕ್ಷೆಗೆ ಐಚ್ಛಿಕ ವಿಷಯವಾಗಿ ತಗೋಬಹುದು. ಇಷ್ಟು ಸಾಕು.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಅಧ್ಯಯನಕ್ಕೆ ಅಂತ ಮೈಸೂರು ಹತ್ತಿರದ ಒಂದು ಹಳ್ಳಿಗೆ ಹೋಗಿ ಉಳಿದರು. ಅವರು ಹೇಳಿದ ‘ಪ್ರಬಲ ಜಾತಿ’ಯ ಪಾಠ, ಅಂದರೆ ಜಮೀನು, ಜನಬಲ ಇದ್ದು ಊರಲ್ಲಿ ಮಾತು ನಡೆಯುವ ಜಾತಿಯ ಪಾಠ, ನನ್ನ ತರಗತಿಯಲ್ಲಿ ಬಂದಾಗ ಜಗಳೂರು, ಹರಿಹರ ಕಡೆಯ ಹುಡುಗರು ತಲೆ ಎತ್ತುತ್ತಾರೆ. ಊರಲ್ಲಿ ಜಮೀನು ಯಾರ ಕೈಯಲ್ಲಿದೆ, ಯಾರ ಜನ ಜಾಸ್ತಿ, ಜಗಳ ಬಂದರೆ ಯಾರ ಕಟ್ಟೆಗೆ ಹೋಗಬೇಕು, ಎಲ್ಲ ಅವರಿಗೆ ಗೊತ್ತು. ಯಾಕೆ ಹೀಗೆ ಅಂತ ಕೇಳಬಹುದು ಅನ್ನೋದು ಮಾತ್ರ ಗೊತ್ತಿರಲಿಲ್ಲ.

ಆದರೆ ಮೊನ್ನೆಯ ಒಂದು ಪಾಠ ನನ್ನನ್ನು ಬಿಡುತ್ತಿಲ್ಲ ಕಣೋ. ಅಮೆರಿಕದ ಸಮಾಜಶಾಸ್ತ್ರಜ್ಞ ಸಿ. ರೈಟ್ ಮಿಲ್ಸ್ 1959ರಲ್ಲಿ ಬರೆದದ್ದು. ಒಂದು ಲಕ್ಷ ಜನರ ಊರಲ್ಲಿ ಒಬ್ಬನಿಗೆ ಮಾತ್ರ ಕೆಲಸ ಇಲ್ಲದಿದ್ದರೆ ಅವನ ಸ್ವಭಾವ ನೋಡು, ಕಸುಬು ನೋಡು. 5 ಕೋಟಿ ದುಡಿಯುವವರಲ್ಲಿ ಒಂದೂವರೆ ಕೋಟಿ ಜನಕ್ಕೆ ಕೆಲಸ ಇಲ್ಲ ಅಂದರೆ, ಒಬ್ಬೊಬ್ಬರನ್ನೇ ದೂರಿ ಏನು ಬಂತು? ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ನಮ್ಮೂರಲ್ಲಿ ಹತ್ತಿ ಗಿರಣಿಗಳು ಮುಚ್ಚಿದ ಕಥೆಯನ್ನೇ ಉದಾಹರಣೆ ಕೊಟ್ಟೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಹಾಗಾದ್ರೆ ನಮ್ಮ ತಾತ ಸೋಮಾರಿ ಆಗಿರಲಿಲ್ವಾ ಸಾರ್?” ಅಂದಳು.

ಮಾತೇ ಹೊರಡಲಿಲ್ಲ. ನಮ್ಮಪ್ಪನೂ ಗಿರಣಿಯಲ್ಲೇ ಇದ್ದವರು. ಅದು ಬಾಗಿಲು ಹಾಕಿದ ಮೇಲೆ ಮನೆಯಲ್ಲಿ, ಬೀದಿಯಲ್ಲಿ, ಎಲ್ಲರ ಬಾಯಲ್ಲೂ ಅವರು ಕೈಲಾಗದವರೇ. ಕೊನೆಗೆ ಅವರೂ ಅದನ್ನೇ ನಂಬಿಕೊಂಡು ಹೋದರು. ಇದನ್ನು ನಿನಗೂ ಹೇಳಿರಲಿಲ್ಲ. ಈ ಪಾಠವನ್ನು ಆಗ ಯಾರಾದರೂ ಅವರ ಪಕ್ಕ ಕೂತು ಹೇಳಿದ್ದರೆ ಅಂತ ರಾತ್ರಿಯೆಲ್ಲ ಯೋಚಿಸುತ್ತೇನೆ. ಆ ಹುಡುಗಿಯ ತಾತ ಇನ್ನೂ ಇದ್ದಾರಂತೆ. ಅವಳು ಮನೆಗೆ ಹೋಗಿ ಹೇಳಿದಳಾ ಅಂತ ಕೇಳಬೇಕು. ಧೈರ್ಯ ಬರುತ್ತಿಲ್ಲ.

ಇರಲಿ ಬಿಡು. ಶ್ರಾವಣದಲ್ಲಿ ಬಾ. ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ನನ್ನ ಲೆಕ್ಕ, ಬೆಣ್ಣೆ ದೋಸೆ ನಿನ್ನ ಲೆಕ್ಕ.

ಇಂತಿ,
ನಿನ್ನ ಹಳೇ ರೂಮ್‌ಮೇಟ್