ಅಟ್ಟ ಹತ್ತಿ ನೋಡಿದ ಆ ಹಿರಿಯರಿಗೆ

ತೀರ್ಥಹಳ್ಳಿಯಲ್ಲಿ ನಾವು ಕೊಳ್ಳಲು ನೋಡಿದ ಹಳೇ ಹೆಂಚಿನ ಮನೆಗೆ ಹೊಸ ಬಣ್ಣ ಬಳಿದಿದ್ದರು. ಮುಂಗಡ ಕೊಡಲು ಹೊರಟಿದ್ದೆವು. ಪಕ್ಕದ ಮನೆಗೆ ಮರಗೆಲಸಕ್ಕೆ ಬಂದಿದ್ದ ಹಿರಿಯರೊಬ್ಬರು, "ಮಾರಾಯ್ರೆ, ಅಟ್ಟ ಹತ್ತಿ ನೋಡಿದ್ರಾ?" ಎಂದರು.

ನೋಡಿರಲಿಲ್ಲ. ಅವರೇ ಉಳಿ ಹಿಡಿದು ಹತ್ತಿದರು. ಹೆಂಚು ಹೊರುವ ಮರದ ಪಟ್ಟಿಗಳನ್ನು, ಅಂದರೆ ಪಕಾಸಿಗಳನ್ನು, ಒಂದೊಂದಾಗಿ ತಟ್ಟಿದರು. ಗಟ್ಟಿ ಮರದ ಸದ್ದೇ ಬೇರೆ, ಟೊಳ್ಳು ಮರದ ಸದ್ದೇ ಬೇರೆ. ಒಂದು ಕಡೆ ಉಳಿ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಒರಲೆ (ಗೆದ್ದಲು) ಒಳಗೆಲ್ಲ ತಿಂದು ಹೊರಗಿನ ಪದರ ಮಾತ್ರ ಬಿಟ್ಟಿತ್ತು. ಹಿಂದಿನ ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿದ್ದನ್ನೂ ತೋರಿಸಿದರು. ಮನೆ ಹಿಂದಿನ ಧರೆಯ, ಅಂದರೆ ಎತ್ತರದ ಮಣ್ಣಿನ ದಿಬ್ಬದ, ನೀರು ಅಲ್ಲೇ ಇಂಗುತ್ತಿತ್ತು. ಇದೇ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಇಂಥ ಕಡೆ ಬೇಸಿಗೆಯಲ್ಲಿ ಸುಮ್ನೆ ಗೋಡೆ ನೋಡಿದರೆ ಏನು ತಿಳಿಯುತ್ತದೆ, ಅಲ್ವಾ?

ಮನೆ ಬಿಡಲಿಲ್ಲ. ಮಾಡಿನ (ಛಾವಣಿಯ) ರಿಪೇರಿ ಖರ್ಚು ಕಳೆದು ಬೆಲೆ ಮಾತಾಡಿದೆವು. ಮಳೆಗಾಲಕ್ಕೆ ಮೊದಲೇ ಪಕಾಸಿ ಬದಲಾಯಿಸಿ, ಧರೆಯ ಬುಡದಲ್ಲಿ ಚರಂಡಿ ತೆಗೆಸಿದೆವು.

ಹಿರಿಯರೇ, ನಿಮ್ಮ ಹೆಸರು ಕೇಳುವುದೇ ಮರೆತೆವು. ನೀವು ದುಡ್ಡು ಮುಟ್ಟಲಿಲ್ಲ, ಎಲೆ ಅಡಿಕೆ ಮಾತ್ರ ತಗೊಂಡಿರಿ. ಜೋರು ಮಳೆಯ ರಾತ್ರಿ ನನ್ನ ಮಗಳು ಅದೇ ಅಟ್ಟದ ಕೆಳಗೆ ನಿದ್ದೆ ಮಾಡುತ್ತಾಳೆ. ಆಗೆಲ್ಲ ನಿಮ್ಮ ನೆನಪಾಗುತ್ತದೆ. ತುಂಬಾ ಧನ್ಯವಾದ.