ಸ್ಟ್ರಾಂಗ್ ರೂಮಿನ ಉಪ್ಪಿನಕಾಯಿ

ತೀರ್ಥಹಳ್ಳಿ ಪೇಟೆಯ ಹಳೇ ಬ್ಯಾಂಕ್ ಕಟ್ಟಡದಲ್ಲಿ ನಮ್ಮ ಹೋಟೆಲ್ ಶುರುವಾಗಿ ಮೊನ್ನೆ ತುಳಸಿ ಪೂಜೆಗೆ ಒಂದು ವರ್ಷವಾಯ್ತು. ಇರುವುದು ಏಳೇ ಕೋಣೆ. ನಮ್ಮೂರಲ್ಲಿ ಹೋಟೆಲ್ ಅಂದ್ರೆ ತಿಂಡಿ ತಾನೇ? ಇವತ್ತಿಗೂ ಯಾರಾದರೂ ಸೀದಾ ಒಳಗೆ ಬಂದು "ಬಿಸಿ ಏನಿದೆ ಮಾರಾಯ್ರೆ?" ಅಂತಾರೆ. ಕಡುಬಿದ್ದರೆ ಕೊಡ್ತೇವೆ.

ಮೊದಲ ನಮಸ್ಕಾರ ಕೊಪ್ಪದ ಕಡೆಯ ಗಾರೆ ಮೇಸ್ತ್ರಿಗೆ. ಬ್ಯಾಂಕಿನವರು ಖಾಲಿ ಮಾಡಿ ಹೋದಾಗ ಗೋಡೆಯ ಸಿಮೆಂಟು ಹಪ್ಪಳದ ಹಾಗೆ ಎದ್ದಿತ್ತು. ಕೆಡವಿ ಮೂರು ಮಹಡಿ ಎಬ್ಬಿಸು ಅಂದವರೇ ಹೆಚ್ಚು. ಮೇಸ್ತ್ರಿ ಗೋಡೆಗೆ ಅಂಗೈ ಒತ್ತಿ, "ಜಂಬಿಟ್ಟಿಗೆಗೆ ಉಸಿರು ಕಟ್ಟಿದೆ ಅಯ್ಯಾ, ಸಿಮೆಂಟು ಕಿತ್ತು ಹಾಕಿ" ಅಂದರು. ಸುಣ್ಣದ ಗಾರೆಯಾದರೆ ಒಳಗಿನ ತೇವ ಹೊರಗೆ ಆರುತ್ತದೆ; ಸಿಮೆಂಟು ಅದನ್ನು ಒಳಗೇ ಕಟ್ಟಿಹಾಕುತ್ತದೆ. ಸುಣ್ಣ, ಮರಳಿಗೆ ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಬೆರೆಸಿದರು. ಊರಿನ ಇರುವೆಗಳೆಲ್ಲ ಹಾಜರ್! ಪುನರ್ವಸು ಮಳೆ ಹಿಡಿದದ್ದೇ ಗಾರೆ ಆರಲಿಲ್ಲ, ಕೆಲಸ ನಿಂತಿತು. ಬಡ್ಡಿ ಮಾತ್ರ ನಿಲ್ಲಲಿಲ್ಲ.

ಇನ್ನು ಸ್ಟ್ರಾಂಗ್ ರೂಮಿನ ಬಾಗಿಲು. ಕೀಳಹೋದರೆ ಗೋಡೆಯೇ ಬರುತ್ತದೆಂದು ಬ್ಯಾಂಕಿನವರು ಬಿಟ್ಟು ಹೋಗಿದ್ದರು. ತುಕ್ಕು ಹಿಡಿದು ಅಲ್ಲಾಡುತ್ತಿರಲಿಲ್ಲ. ಇಲ್ಲೇ ಜವಾನರಾಗಿದ್ದ ಅಜ್ಜ ಕೋಲೂರಿಕೊಂಡು ಬಂದು, ಎಲ್ಲೆಲ್ಲಿ ಎಣ್ಣೆ ಬಿಡಬೇಕೆಂದು ತೋರಿಸಿದರು. "ಎರಡು ಕೀಲಿ ತಮ್ಮಾ. ಮ್ಯಾನೇಜರ್ ಹತ್ರ ಒಂದು, ಹೆಡ್ ಕ್ಯಾಷಿಯರ್ ಹತ್ರ ಒಂದು. ಒಬ್ಬರಿಗೆ ಜ್ವರ ಬಂದ್ರೆ ನಮಗೆ ಫಜೀತಿ." 1969ರ ಜುಲೈ 19ಕ್ಕೆ 14 ಬ್ಯಾಂಕುಗಳು ಸರ್ಕಾರದ್ದಾದವಲ್ಲ, ಇದೂ ಅದರಲ್ಲೊಂದು. ಅಜ್ಜ ಆಗಷ್ಟೇ ಕೆಲಸಕ್ಕೆ ಸೇರಿದ್ದರು. "ಶನಿವಾರ ರಾತ್ರಿ ರೇಡಿಯೋದಲ್ಲಿ ಹೇಳಿದ್ರು. ಸೋಮವಾರ ಕಸ ಗುಡಿಸಿದ್ದು ನಾನೇ."

ಊರಿನ ಚಿನ್ನವೆಲ್ಲ ಅಡವಿದ್ದ ಆ ಕೋಣೆಯಲ್ಲಿ ಈಗ ಅಪ್ಪೆಮಿಡಿಯ ಭರಣಿಗಳಿವೆ. ಬಿಸಿಲಿಲ್ಲ, ಇಲಿಯಿಲ್ಲ. ಅಡುಗೆಮನೆಯ ಅಕ್ಕಂದಿರು ಕಂಡುಕೊಂಡ ಉಪಾಯ ಅದು; ಅವರಿಗೂ ನಮಸ್ಕಾರ.

ಕೊನೆಗೆ ನಮ್ಮಕ್ಕ. ಬ್ಯಾಂಕಿನ ಕಟ್ಟಡಕ್ಕೇ ಬ್ಯಾಂಕ್ ಸಾಲ ಸಿಗದೆ ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಭಾವನಿಗೂ ಹೇಳದೆ ಬಳೆ, ಸರ ಬಿಚ್ಚಿ ಕೊಟ್ಟವಳು. ಅಕ್ಕಾ, ಬಳೆ ಬಿಡಿಸಿದ್ದೇನೆ. ಸರ ಈ ಸಲದ ಅಡಿಕೆ ಮಾರಿದ ಮೇಲೆ. ಭಾವಾ, ಇದನ್ನು ಓದುತ್ತಿದ್ದರೆ, ತಪ್ಪು ನನ್ನದೇ.